ರಜೆಗೆ ಹೋದ ಸಂಗೀತ ಟೀಚರ್ ಮತ್ತು ಬೇಸಿಗೆಯ ಅಡಿಕೆ ತೋಟ

ಜೂನ್ ಎರಡನೆಯ ಭಾನುವಾರ, ಎರಡನೇ ಪೂಜೆ ಮುಗಿದ ಮೇಲೆ ನಮ್ಮ ಗಾಯನ ಮಂಡಳಿಯ ಟೀಚರ್ ಚರ್ಚ್ ಬಂಗ್ಲೆಯ ಜಗಲಿಗೆ ಬಂದು ಕುಳಿತರು. ಸಾಮಾನ್ಯವಾಗಿ ಅವರು ಬರುವುದು ಹೊಸ ಹಾಡಿನ ಪ್ರತಿ ತೆಗೆಸಲಿಕ್ಕೋ ಕೀಬೋರ್ಡಿನ ವಯರು ಸರಿಮಾಡಿಸಲಿಕ್ಕೋ. ಆ ದಿನ ಕೈಯಲ್ಲಿ ರಕ್ತಪರೀಕ್ಷೆಯ ಚೀಟಿ ಇತ್ತು. "ಫಾದರ್, ಎಲ್ಲಾ ಹಾಳಾಯ್ತು. ರಜೆಗೆ ಹೋಗ್ಲೇಬಾರ್ದಿತ್ತು" ಎಂದರು. ಚೀಟಿ ನೋಡಿದೆ. ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಪರೀಕ್ಷೆಯಲ್ಲಿ 8 ಎಂದಿತ್ತು. ಮಾರ್ಚ್ ಕೊನೆಯಲ್ಲಿ ಅದೇ ಪರೀಕ್ಷೆಯಲ್ಲಿ 7.2ಕ್ಕೆ ಇಳಿದಿತ್ತಂತೆ.

ಈ ತಿಂಗಳ ಅಂಕಣಕ್ಕೆ ಮಳೆಗಾಲದ ಕೊಳೆರೋಗದ ಬಗ್ಗೆ ಬರೆಯಬೇಕೆಂದಿದ್ದೆ. ಅದನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಟೀಚರ ಸಂಗತಿ ನಮ್ಮಲ್ಲಿ ಅನೇಕರ ಮನೆಯ ಸಂಗತಿಯೂ ಆಗಿರುವುದರಿಂದ ಅದನ್ನೇ ಬರೆಯುತ್ತೇನೆಂದು ಅವರ ಒಪ್ಪಿಗೆ ಕೇಳಿದೆ. "ಹೆಸರು ಹಾಕ್ಬೇಡಿ" ಎಂದು ನಕ್ಕರು. ಹೆಸರು ಹಾಕದಿದ್ದರೂ ಯಾರೆಂದು ನಿಮಗೆಲ್ಲ ಗೊತ್ತಾಗುತ್ತದೆ, ಅದು ಅವರಿಗೂ ಗೊತ್ತು.

ಅವರಿಗೆ ಈಗ ನಲವತ್ತಾರು. ಕನ್ನಡ ಮಾಧ್ಯಮ ಶಾಲೆಯಲ್ಲಿ ಸಂಗೀತ ಕಲಿಸುತ್ತಾರೆ. ಸಂಜೆ ಮನೆಯಲ್ಲಿ ಎಂಟು ಹತ್ತು ಮಕ್ಕಳಿಗೆ ಹಾರ್ಮೋನಿಯಂ ಪಾಠ. ವಾರಕ್ಕೆ ಎರಡು ಸಂಜೆ ನಮ್ಮ ಗಾಯನ ಮಂಡಳಿಯ ಅಭ್ಯಾಸ. ಅರ್ಧ ಎಕರೆ ಅಡಿಕೆ, ಬಾವಿ, ಒಂದು ಹಸು, ವಯಸ್ಸಾದ ತಾಯಿ. ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿಯಿತು. ಆರು ಕಿಲೋ ಇಳಿಸಿ, ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದರು. ಮೊದಲ ವರ್ಷ ಎಲ್ಲರ ಹಾಗೆ ಇವರೂ "ನಾಳೆಯಿಂದ" ಎನ್ನುತ್ತಾ ಕಳೆದರು. ಈ ವರ್ಷ ಜನವರಿ ಮೂರು ರಾಜರ ಹಬ್ಬದ ಮರುದಿನ ಹೊರಟೇಬಿಟ್ಟರು. ಬೆಳಿಗ್ಗೆ ಐದೂವರೆಗೆ ಎದ್ದು ನಲವತ್ತು ನಿಮಿಷ ಬೀಸುನಡಿಗೆ, ರಾತ್ರಿ ಅನ್ನದ ಬದಲು ಎರಡು ಚಪಾತಿ. ಮಾರ್ಚ್ ಮುಗಿಯುವಾಗ ಮೂರು ಕಿಲೋ ಇಳಿದಿತ್ತು. ಗಾಯನ ಮಂಡಳಿಯ ಹುಡುಗಿಯರು ಅವರ ರವಕೆ ಸಡಿಲವಾದುದನ್ನು ಗಮನಿಸಿ ತಮಾಷೆ ಮಾಡುತ್ತಿದ್ದರು.

ಏಪ್ರಿಲ್‌ನಲ್ಲಿ ಶಾಲೆಗೆ ರಜೆ. ಮುಂಬಯಿಯಲ್ಲಿರುವ ತಂಗಿಯ ಮನೆಗೆ ಹನ್ನೆರಡು ದಿನ ಹೋದರು. ನಾಲ್ಕನೆಯ ಮಾಳಿಗೆ, ಬಾಗಿಲು ತೆರೆದರೆ ಲಿಫ್ಟು. ಮೊದಲ ದಿನ ದಣಿವೆಂದು ನಡೆಯಲಿಲ್ಲ. ಎರಡನೆಯ ದಿನ ದಾರಿ ಗೊತ್ತಿಲ್ಲವೆಂದು ನಡೆಯಲಿಲ್ಲ. ಮೂರನೆಯ ದಿನದಿಂದ ಆ ಯೋಚನೆಯೇ ಇರಲಿಲ್ಲ. ಹಿಂದೆ ಬಂದು ಒಂದು ವಾರವಾಗಿರಲಿಲ್ಲ, ನಮ್ಮ ವೇಳಾಂಗಣ್ಣಿ ಯಾತ್ರೆಯ ಬಸ್ಸು ಹೊರಟಿತು. ಬಸ್ಸಿನಲ್ಲಿ ಹಾಡು ಹೇಳಿಸಲು ಟೀಚರ್ ಬೇಕಲ್ಲ! ಅದು ಮುಗಿಯುವಷ್ಟರಲ್ಲಿ ಮೇ ತಿಂಗಳ ಮದುವೆಗಳು. ಒಂದೊಂದು ವಾರ ಮೂರು ಪೂಜೆಗೆ ಹಾಡಿದ್ದೂ ಇದೆ. ಮದುವೆ ಮನೆಯಲ್ಲಿ ಹಾಡಿದವರನ್ನು ಊಟಕ್ಕೆ ಕೂರಿಸದೆ ಬಿಡುತ್ತಾರೆಯೇ? ಜೂನ್‌ನಲ್ಲಿ ಶಾಲೆ ತೆರೆಯಿತು, ಮಳೆ ಬಂತು. ಜನವರಿಯಲ್ಲಿ ಕಟ್ಟಿದ್ದು ಜೂನ್‌ಗೆ ಕುಸಿಯಿತು. "ಇನ್ನು ಕ್ರಿಸ್ಮಸ್ ಕಳೀಲಿ ಫಾದರ್, ಹೊಸ ವರ್ಷಕ್ಕೆ ಮತ್ತೆ ಸುರು ಮಾಡ್ತೇನೆ" ಎಂದು ಅವರು ಹೇಳಿದಾಗ ನನಗೆ ನಿಜವಾಗಿ ಭಯವಾದದ್ದು. ಚೀಟಿಯಲ್ಲಿದ್ದ ಅಂಕೆಗಿಂತ ಈ ಮಾತಿಗೆ ಹೆದರಬೇಕು.

ಊರಿನವರೂ ಇದೇ ಮಾತನ್ನು ಆಡಿದರು. ಸಕ್ಕರೆ ಇದ್ದವರು ಯಾಕೆ ಊರೂರು ತಿರುಗಬೇಕು, ಮನೆಯಲ್ಲಿ ಇದ್ದಿದ್ದರೆ ಆಗುತ್ತಿತ್ತು ಎಂದು ಒಬ್ಬ ಗುರಿಕಾರರು ನನ್ನ ಮುಂದೆಯೇ ಹೇಳಿದರು. ನಾನು ಒಪ್ಪುವುದಿಲ್ಲ. ವರ್ಷವಿಡೀ ಮಕ್ಕಳಿಗೆ ಸ್ವರ ತಿದ್ದುವ ಹೆಂಗಸು ಹನ್ನೆರಡು ದಿನ ತಂಗಿಯ ಮಕ್ಕಳೊಡನೆ ಇದ್ದು ಬಂದದ್ದು ತಪ್ಪಲ್ಲ. ಪ್ರವಾಸಕ್ಕೆ ಹೋದದ್ದರಿಂದ ಆರೋಗ್ಯ ಕೆಡಲಿಲ್ಲ. ನಲವತ್ತು ನಿಮಿಷ ಆಗದಿದ್ದರೆ ಹತ್ತು ನಿಮಿಷವೂ ಬೇಡ ಎಂದುಕೊಂಡದ್ದರಿಂದ ಕೆಟ್ಟಿತು. ಹಾಗೆ ಅಂದುಕೊಳ್ಳುವಂತೆ ಮಾಡಿದ್ದರಲ್ಲಿ ನಮ್ಮೆಲ್ಲರ ಪಾಲೂ ಇದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಇದನ್ನು ಅಡಿಕೆ ತೋಟದವರಿಗೆ ವಿವರಿಸುವುದು ಸುಲಭ. ನಮ್ಮ ಕಡೆ ಶಾಲೆಗೆ ರಜೆ ಸಿಗುವ ಏಪ್ರಿಲ್, ಮೇ ತಿಂಗಳಲ್ಲೇ ಅಡಿಕೆ ಮರಕ್ಕೆ ಬಾಯಾರಿಕೆ ಹೆಚ್ಚು. ಮಾರ್ಚ್‌ನಿಂದ ಮೇ ತನಕ ಮೂರರಿಂದ ಐದು ದಿನಕ್ಕೊಮ್ಮೆ ಮರವೊಂದಕ್ಕೆ ಸುಮಾರು 175 ಲೀಟರ್ ನೀರು ಬುಡಕ್ಕೆ ಕೊಡಬೇಕು, ಹನಿ ನೀರಾವರಿಯಾದರೆ ದಿನಕ್ಕೆ 16ರಿಂದ 20 ಲೀಟರ್ ಸಾಕು ಎಂಬುದು ಸಂಶೋಧನಾ ಕೇಂದ್ರದವರ ಶಿಫಾರಸು. ಕಾಸರಗೋಡಿನ ಸಿಪಿಸಿಆರ್‌ಐಯವರು, ವಿಟ್ಲದವರು ಹೇಳುವ ಇನ್ನೊಂದು ಮಾತನ್ನು ನಿಮ್ಮಲ್ಲಿ ಹಿರಿಯರು ಅನುಭವದಿಂದಲೇ ಬಲ್ಲಿರಿ. ಅಡಿಕೆ ಮರ ಒಂದು ಬೇಸಿಗೆ ನೀರಿಲ್ಲದೆ ಸೊರಗಿತೆಂದರೆ, ಮತ್ತೆ ಮೊದಲಿನ ಫಸಲಿಗೆ ಬರಲು ಎರಡು ಮೂರು ವರ್ಷ ಹಿಡಿಯುತ್ತದೆ. ಮಳೆಗಾಲದಲ್ಲಿ ಎಷ್ಟು ನೀರು ಸುರಿದರೂ ಆ ಲೆಕ್ಕ ತುಂಬುವುದಿಲ್ಲ. ಬಾವಿಯ ನೀರು ತಳಕ್ಕೆ ಹೋದ ವರ್ಷ ನೀವು ಏನು ಮಾಡುತ್ತೀರಿ? 175 ಲೀಟರ್ ಇಲ್ಲವೆಂದು ಪಂಪು ಬಂದ್ ಮಾಡಿ ಮಲಗುತ್ತೀರಾ? ಸೋಗೆ, ಸಿಪ್ಪೆ ತಂದು ಬುಡಕ್ಕೆ ಮುಚ್ಚುತ್ತೀರಿ, ಅರ್ಧ ನೀರಾದರೂ ಕೊಡುತ್ತೀರಿ, ಮರ ಸಾಯದ ಹಾಗೆ ಜೂನ್ ತನಕ ದಾಟಿಸುತ್ತೀರಿ. ಆ ವರ್ಷ ಫಸಲು ಹೆಚ್ಚಬೇಕೆಂದು ಯಾರೂ ಆಸೆ ಪಡುವುದಿಲ್ಲ. ಮರ ಉಳಿದರೆ ಸಾಕು.

ಟೀಚರಿಗೂ ಏಪ್ರಿಲ್‌ನಲ್ಲಿ ಇಷ್ಟೇ ಬೇಕಿತ್ತು. ಇಳಿದ ಮೂರು ಕಿಲೋ ಹಾಗೆಯೇ ನಿಂತರೆ ಸಾಕು, ಇನ್ನೂ ಇಳಿಯಬೇಕಾಗಿರಲಿಲ್ಲ.

ಇದು ಬರೀ ಹೋಲಿಕೆಯ ಮಾತಲ್ಲ, ಪರೀಕ್ಷಿಸಿ ನೋಡಿದ ಸಂಗತಿ. ಅಮೆರಿಕದ ಶಿಕಾಗೋ ನಗರದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಹಿಕ್ಸನ್ ಎಂಬವರು 1981ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕೆಲವು ಯುವಜನರಿಗೆ ಹತ್ತು ವಾರ, ವಾರಕ್ಕೆ ಆರು ದಿನ, ದಿನಕ್ಕೆ ನಲವತ್ತು ನಿಮಿಷ ಕಷ್ಟದ ವ್ಯಾಯಾಮ ಮಾಡಿಸಿದರು. ಆ ಮೇಲೆ ಹದಿನೈದು ವಾರ ಕೆಲವರಿಗೆ ವಾರಕ್ಕೆ ನಾಲ್ಕು ದಿನ, ಉಳಿದವರಿಗೆ ಎರಡೇ ದಿನ. ಎರಡು ದಿನ ಮಾಡಿದವರೂ ಉಸಿರಿನ ಶಕ್ತಿಯಲ್ಲಿ ಗಳಿಸಿದ್ದನ್ನು ಕಳೆದುಕೊಳ್ಳಲಿಲ್ಲ. ಮುಂದೆ ಅವರೇ 1985ರಲ್ಲಿ ಇನ್ನೊಂದು ರೀತಿ ನೋಡಿದರು. ದಿನಗಳನ್ನು ತಗ್ಗಿಸದೆ ವ್ಯಾಯಾಮದ ಬಿರುಸನ್ನು ತಗ್ಗಿಸಿದರು. ಆಗ ಗಳಿಸಿದ್ದು ಕರಗತೊಡಗಿತು. ಅಂದರೆ ಸಮಯ ಸಿಗದ ವಾರ ನಡೆಯುವ ದಿನ ಕಡಿಮೆಯಾಗಲಿ, ಆದರೆ ನಡೆದ ದಿನ ಬೀಸಾಗಿ ನಡೆಯಬೇಕು. ಅದು ಯುವಕರ ಲೆಕ್ಕ. ನಲವತ್ತು, ಐವತ್ತು ದಾಟಿದವರಿಗೆ ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಬೇಕಾದೀತು. ಆದರೂ ಕಟ್ಟಲು ಬೇಕಾದಷ್ಟು ಶ್ರಮ ಉಳಿಸಲು ಬೇಡ ಎಂಬುದು ಇದರಿಂದ ತಿಳಿಯುತ್ತದೆ.

ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಪ್ರಯೋಗ ಪ್ರಸಿದ್ಧವಾಗಿದೆ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತರ ಹರೆಯದ ಐವರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದರು. ಮೂವತ್ತು ವರ್ಷದ ಬಳಿಕ ಅದೇ ಐವರನ್ನು ಹುಡುಕಿ ತಂದು ಮತ್ತೆ ಪರೀಕ್ಷಿಸಿದರು. ಮೂವತ್ತು ವರ್ಷದ ಪ್ರಾಯ ಕುಗ್ಗಿಸಿದ್ದಕ್ಕಿಂತ ಹೆಚ್ಚು ದೇಹಶಕ್ತಿಯನ್ನು ಅಂದು ಮೂರು ವಾರದ ಮಲಗಾಟ ಕುಗ್ಗಿಸಿತ್ತು. ರಜೆಯೆಂದರೆ ಹಾಸಿಗೆ ಹಿಡಿಯುವುದಲ್ಲ, ನಿಜ. ಆದರೆ ಮುಂಬಯಿಯ ಸೋಫಾ ಮತ್ತು ಯಾತ್ರೆಯ ಬಸ್ಸಿನ ಸೀಟು ಹಾಸಿಗೆಗೆ ಬಹಳ ದೂರವೂ ಅಲ್ಲ.

ಹಾಗಾದರೆ ಪ್ರವಾಸದಲ್ಲಿ ಅರ್ಧ ನೀರು ಎಂದರೆ ಯಾವುದು? ಟೀಚರೊಡನೆ ಕುಳಿತು ಲೆಕ್ಕ ಹಾಕಿದೆವು. ನಾಲ್ಕು ಮಾಳಿಗೆಯ ಮೆಟ್ಟಿಲು ದಿನಕ್ಕೆ ಎರಡು ಸಲ ಹತ್ತಿದ್ದರೆ ಬೀಸುನಡಿಗೆಗಿಂತ ಬಿರುಸಿನ ವ್ಯಾಯಾಮ ಅದೇ ಆಗುತ್ತಿತ್ತು. ಊಟವಾದ ಮೇಲೆ ತಂಗಿಯ ಮಕ್ಕಳ ಕೈ ಹಿಡಿದು ಹತ್ತು ನಿಮಿಷ ಕಟ್ಟಡದ ಸುತ್ತ ತಿರುಗಬಹುದಿತ್ತು. ಈ ಹತ್ತು ನಿಮಿಷವನ್ನು ಹಗುರವೆಂದು ಎಣಿಸಬೇಡಿ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು ಸಕ್ಕರೆ ಕಾಯಿಲೆಯವರಲ್ಲಿ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದಂತೆ, ದಿನದಲ್ಲಿ ಯಾವಾಗಲೋ ಒಮ್ಮೆ ಮೂವತ್ತು ನಿಮಿಷ ನಡೆಯುವುದಕ್ಕಿಂತ ಪ್ರತಿ ಊಟದ ಬಳಿಕ ಹತ್ತು ಹತ್ತು ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ ಹೆಚ್ಚು ತಗ್ಗಿತು. ರಾತ್ರಿಯೂಟದ ಬಳಿಕವಂತೂ ಚೆನ್ನಾಗಿಯೇ ತಗ್ಗಿತು. ಇದಕ್ಕೆ ದಾರಿ ಗೊತ್ತಿರಬೇಕೆಂದಿಲ್ಲ, ಬೂಟು ಬೇಕೆಂದಿಲ್ಲ, ಅಂಗಳವೂ ಸಾಕು.

ಟೀಚರ ಮೊಬೈಲಿನಲ್ಲಿ ಹೆಜ್ಜೆ ಎಣಿಸುವ ಒಂದು ಸಲಕರಣೆ ಇದೆ. ದಿನಕ್ಕೆ 10,000 ಹೆಜ್ಜೆ ಆಗದಿದ್ದರೆ ಅದು ಸಂಜೆ ನೆನಪು ಹುಟ್ಟಿಸುತ್ತದೆ. ಮುಂಬಯಿಯಲ್ಲಿ 3,000 ದಾಟದ್ದನ್ನು ನೋಡಿ ನಾಚಿಕೆಯಾಗಿ ಅವರು ಅದನ್ನು ಬಂದ್ ಮಾಡಿಬಿಟ್ಟರಂತೆ. ಈ 10,000 ಎಂಬುದು ಯಾವ ವೈದ್ಯರೂ ಲೆಕ್ಕ ಹಾಕಿ ಕೊಟ್ಟದ್ದಲ್ಲ. 1964ರ ಟೋಕಿಯೋ ಒಲಿಂಪಿಕ್ಸಿನ ಮರುವರ್ಷ ಜಪಾನಿನ ಕಂಪೆನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ಮಾರಲು ತೊಡಗಿತು. ಅದಕ್ಕೆ "ಹತ್ತು ಸಾವಿರ ಹೆಜ್ಜೆಯ ಮಾಪಕ" ಎಂಬರ್ಥದ ಹೆಸರಿಟ್ಟಿತು. ಅಲ್ಲಿಂದ ಲೋಕವೆಲ್ಲ ಹರಡಿತು. ಐ-ಮಿನ್ ಲೀ ಎಂಬ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಮತ್ತು ಸಂಗಡಿಗರು ಹದಿನಾರು ಸಾವಿರಕ್ಕೂ ಮಿಕ್ಕಿದ ವಯಸ್ಸಾದ ಹೆಂಗಸರ ಹೆಜ್ಜೆ ಎಣಿಸಿ 2019ರಲ್ಲಿ ಬರೆದರು: ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವು ಕಡಿಮೆ, 7,500ರ ಸುಮಾರಿಗೆ ಆ ಲಾಭ ನಿಲ್ಲುತ್ತದೆ. ಹಾಗಾಗಿ 3,000 ಹೆಜ್ಜೆಯಲ್ಲಿರುವವರು ಇನ್ನೊಂದೆರಡು ಸಾವಿರ ಸೇರಿಸಿದರೆ ಪ್ರಯೋಜನವಿದೆ. ನಾಚಿಕೆಯಿಂದ ಎಣಿಕೆ ಬಂದ್ ಮಾಡಿದರೆ ಯಾವ ಪ್ರಯೋಜನವೂ ಇಲ್ಲ.

ಯಾತ್ರೆಯ ಬಸ್ಸಿನ ಬಗ್ಗೆಯೂ ನಾಲ್ಕು ಮಾತು ಬರೆಯಬೇಕು, ಏಕೆಂದರೆ ಆ ಬಸ್ಸಿನ ಮುಂದಿನ ಸೀಟಿನಲ್ಲಿ ನಾನೂ ಇದ್ದೆ. ಒಂದು ರಾತ್ರಿ ಮತ್ತು ಅರ್ಧ ಹಗಲು ಕಾಲು ಮಡಚಿ ಕುಳಿತದ್ದು, ನಿಲ್ಲಿಸಿದಲ್ಲೆಲ್ಲ ಸಕ್ಕರೆ ಹಾಕಿದ ಚಹಾ, ವಡೆ. ನಾಲ್ಕು ಗಂಟೆಗೂ ಹೆಚ್ಚು ಕದಲದೆ ಕುಳಿತು ಪ್ರಯಾಣ ಮಾಡಿದವರಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ತಿಳಿಸಿದೆ. ಹೆದರಬೇಡಿ, ಎರಡು ಪಟ್ಟಾದರೂ ಅದು ಸುಮಾರು 6,000 ಮಂದಿಯಲ್ಲಿ ಒಬ್ಬರಿಗೆ ಬರುವಂಥದು. ಆದರೆ ದಪ್ಪ ಮೈಯವರು, ಇತ್ತೀಚೆಗೆ ಆಪರೇಷನ್ ಆದವರು, ಗರ್ಭಿಣಿಯರು ಜಾಗ್ರತೆ ಮಾಡಬೇಕು. ಎರಡು ಗಂಟೆಗೊಮ್ಮೆ ಬಸ್ಸು ನಿಲ್ಲಿಸಿ ಎಲ್ಲರನ್ನೂ ಇಳಿಸುವುದು, ಕುಳಿತಲ್ಲೇ ಪಾದ ಮೇಲೆ ಕೆಳಗೆ ಆಡಿಸುವುದು ಕಷ್ಟವಲ್ಲ. ಮುಂದಿನ ವರ್ಷ ಇದನ್ನು ಬಸ್ಸಿನ ಚಾಲಕರಿಗೆ ನಾನೇ ಮೊದಲು ಹೇಳುತ್ತೇನೆ.

ಸಕ್ಕರೆ ಕಾಯಿಲೆಯವರು ಯಾತ್ರಾಸ್ಥಳದಲ್ಲಿ ಬರಿಗಾಲಲ್ಲಿ ಸುಡುವ ಮರಳಿನ ಮೇಲೆ ನಡೆಯಬಾರದು. ಹರಕೆಯಿದ್ದರೆ ಬೆಳಿಗ್ಗೆ ಬೇಗ ತೀರಿಸಲಿ. ಕಾಲಿನ ಸ್ಪರ್ಶ ಮಂದವಾದವರಿಗೆ ಸುಟ್ಟದ್ದು ತಿಳಿಯುವುದಿಲ್ಲ. ಬೊಬ್ಬೆ ಎದ್ದು, ಒಡೆದು, ಕೀವಾದ ಮೇಲೆಯೇ ತಿಳಿಯುವುದು. ನಮ್ಮ ಊರಿನಲ್ಲಿ ಹಾಗೆ ಬೆರಳು ಕಳೆದುಕೊಂಡವರನ್ನು ನಾನು ಬಲ್ಲೆ. ಮಾತ್ರೆಗಳನ್ನು ಬಸ್ಸಿನ ಮೇಲೆ ಕಟ್ಟುವ ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲಿಡಬೇಕು. ಇನ್ಸುಲಿನ್ ಬಿಸಿಲಿಗೆ ಕೆಡುತ್ತದೆ. ಇನ್ಸುಲಿನ್ ಅಥವಾ ಸಕ್ಕರೆಯನ್ನು ಬೇಗ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಊಟ ತಡವಾದರೆ ಬೆವರಿ, ನಡುಗಿ ತಲೆಸುತ್ತಿ ಬಿದ್ದಾರು. ಅವರ ಚೀಲದಲ್ಲಿ ಒಂದು ಹಿಡಿ ಸಕ್ಕರೆ ಅಥವಾ ಗ್ಲೂಕೋಸ್ ಇರಲೇಬೇಕು.

ಇನ್ನು ಕೆಲಸದ ಮಾತು. ಸಂಗೀತ ಕಲಿಸುವುದೆಂದರೆ ಕುಳಿತು ಮಾಡುವ ಸುಖದ ಕೆಲಸವೆಂದು ಹಾರೆ ಹಿಡಿಯುವ ನಮ್ಮ ಜನ ತಿಳಿದಿದ್ದಾರೆ. ನೆಲದ ಮೇಲೆ ಕಾಲು ಮಡಚಿ ಎರಡು ಗಂಟೆ ಹಾರ್ಮೋನಿಯಂ ಮುಂದೆ ಕುಳಿತು ನೋಡಿ. ಎಡಗೈ ತಿದಿ ಒತ್ತುತ್ತಿರಬೇಕು, ಬಲಗೈ ಮನೆಗಳ ಮೇಲೆ ಓಡುತ್ತಿರಬೇಕು, ಸೊಂಟ ಒಂದು ಬದಿಗೆ ವಾಲಿರುತ್ತದೆ, ಕತ್ತು ಮಕ್ಕಳ ಕಡೆಗೆ ತಿರುಗಿರುತ್ತದೆ. ಟೀಚರಿಗೆ ಬಲಭುಜದ ನೋವು ಹೊಸದಲ್ಲ. ಗಂಟಲಿನ ಪಾಡು ಬೇರೆ. ಅಮೆರಿಕದ ಎರಡು ರಾಜ್ಯಗಳಲ್ಲಿ ವಿಚಾರಿಸಿ 2004ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಜೀವನದಲ್ಲಿ ಒಮ್ಮೆಯಾದರೂ ಧ್ವನಿಯ ತೊಂದರೆ ಅನುಭವಿಸಿದವರು ಬೇರೆಯವರಲ್ಲಿ ನೂರಕ್ಕೆ 29ರಷ್ಟಾದರೆ ಶಿಕ್ಷಕರಲ್ಲಿ 58ರಷ್ಟು. ಹಾಡು ಕಲಿಸುವವರು ಉಳಿದ ಶಿಕ್ಷಕರಿಗಿಂತಲೂ ಹೆಚ್ಚು ಗಂಟಲು ಸವೆಸುತ್ತಾರೆ.

ಈಗ ನಮ್ಮ ಪಾಲಿನ ಮಾತಿಗೆ ಬರುತ್ತೇನೆ. ಟೀಚರ ವಾರದ ಲೆಕ್ಕವನ್ನು ಒಂದು ಕಾಗದದಲ್ಲಿ ಬರೆದೆವು. ಬೆಳಿಗ್ಗೆ ಹಸು, ತಾಯಿಯ ಆರೈಕೆ, ಶಾಲೆ. ಸಂಜೆ ಪಾಠ. ಮಂಗಳವಾರ ಮತ್ತು ಶುಕ್ರವಾರ ಆರರಿಂದ ಏಳೂವರೆ ನಮ್ಮ ಅಭ್ಯಾಸ. ಹೆಸರಿಗೆ ಏಳೂವರೆ, ಹುಡುಗರು ತಡವಾಗಿ ಬರುವುದರಿಂದ ಎಂಟೂವರೆಯಾಗುತ್ತದೆ. ಮನೆಗೆ ಹೋಗಿ ಅಡುಗೆ ಮಾಡಿ ಮಲಗುವಾಗ ಹನ್ನೊಂದು. ಹನ್ನೊಂದಕ್ಕೆ ಮಲಗಿದವರು ಐದೂವರೆಗೆ ಎಷ್ಟು ದಿನ ಏಳಬಲ್ಲರು? ಇವರ ನಡಿಗೆ ಮೊದಲು ತಪ್ಪಿದ್ದು ಮುಂಬಯಿಯಲ್ಲಿ ಅಲ್ಲ, ಮಾರ್ಚ್‌ನ ಕೊನೆಯಲ್ಲಿ ಪವಿತ್ರ ವಾರದ ಹಾಡುಗಳಿಗಾಗಿ ನಾನು ಅಭ್ಯಾಸವನ್ನು ವಾರಕ್ಕೆ ನಾಲ್ಕು ದಿನ ಮಾಡಿದಾಗ ಎಂದು ಆ ಕಾಗದ ನೋಡಿದ ಮೇಲೆ ತಿಳಿಯಿತು. ಅವರು ಅದನ್ನು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಹಾಡು ಚೆನ್ನಾಗಿತ್ತೆಂದು ಈಸ್ಟರ್ ದಿನ ಎಲ್ಲರ ಮುಂದೆ ಹೊಗಳಿದ್ದು ಮಾತ್ರ ನೆನಪಿದೆ.

ಊರಿನಲ್ಲಿ ಚೆನ್ನಾಗಿ ಕೆಲಸ ಮಾಡುವ ಒಬ್ಬರು ಸಿಕ್ಕಿದರೆ ಎಲ್ಲ ಭಾರವನ್ನೂ ಅವರ ಮೇಲೆ ಹಾಕುವುದು ನಮ್ಮ ರೂಢಿ. ಮದುವೆ, ಮರಣ, ಹಬ್ಬ, ಶಾಲೆಯ ವಾರ್ಷಿಕೋತ್ಸವ, ಎಲ್ಲಕ್ಕೂ ಟೀಚರ್. ಅವರ ಸಂಜೆಗಳನ್ನೆಲ್ಲ ನಾವು ತೆಗೆದುಕೊಂಡು, ಆಮೇಲೆ "ಸಕ್ಕರೆ ಇದ್ದವರು ಯಾಕೆ ತಿರುಗಬೇಕು" ಎಂದು ಬುದ್ಧಿ ಹೇಳುವುದು ನ್ಯಾಯವಲ್ಲ. ಮನೆಗಳಲ್ಲೂ ಇದೇ ಕತೆ. ಗಂಡ ನಡಿಗೆಗೆ ಹೊರಟರೆ ಆರೋಗ್ಯದ ಕಾಳಜಿ, ಹೆಂಡತಿ ಹೊರಟರೆ "ಚಹಾ ಯಾರು ಮಾಡುದು?"

ನಿಮ್ಮಲ್ಲಿ ಕೆಲವರು ಈಗ ಹೇಳಬಹುದು, ಇದೆಲ್ಲ ಸಂಬಳದವರ ಕಾಯಿಲೆ, ನಮಗೆ ತೋಟದ ಕೆಲಸವೇ ವ್ಯಾಯಾಮ ಎಂದು. ನಿಮ್ಮ ತಂದೆಯವರ ಕಾಲದಲ್ಲಿ ಹೌದು. ಅವರು ಏತದಿಂದ ನೀರು ಮೊಗೆದರು, ಅಡಿಕೆಯ ಗೋಣಿಯನ್ನು ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿದರು. ಈಗ ಸ್ವಿಚ್ಚು ಒತ್ತಿದರೆ ನೀರು, ಹುಲ್ಲು ಹೆರೆಯಲು ಯಂತ್ರ, ಅಂಗಳದ ತನಕ ಪಿಕಪ್, ಹಾಲಿನ ಡೈರಿಗೂ ಸ್ಕೂಟರ್. ಕೆಲಸ ತಗ್ಗಿತು, ಅನ್ನದ ಬಟ್ಟಲು ಮಾತ್ರ ತಂದೆಯವರದೇ ಅಳತೆಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಾಯದಿಂದ ದೇಶವಿಡೀ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಭಾರತದ ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ ಸಕ್ಕರೆ ಕಾಯಿಲೆ. ನಮ್ಮ ಕೇರಳದಲ್ಲಿ ಅದು 25.5, ಗೋವೆಯಲ್ಲಿ 26.4, ಅದೇ ದೇಶದಲ್ಲಿ ಅತಿ ಹೆಚ್ಚು. ನಾಲ್ವರಲ್ಲಿ ಒಬ್ಬರು ಎಂದಾಯಿತು. ಭಾನುವಾರ ಪೂಜೆಗೆ ನಿಂತಾಗ ನನ್ನ ಎದುರಿನ ಬೆಂಚುಗಳನ್ನು ನೋಡಿ ಈ ಲೆಕ್ಕ ನೆನಪಾಗುತ್ತದೆ. ಅಲ್ಲಿ ಸಂಬಳದವರು ಎಷ್ಟು ಮಂದಿ ಇದ್ದಾರೆ ಹೇಳಿ! ವಾರಕ್ಕೆ ಕಡಿಮೆಯೆಂದರೆ 150 ನಿಮಿಷ ಉಸಿರು ತುಸು ಹೆಚ್ಚುವಷ್ಟು ಬೀಸಾದ ಚಟುವಟಿಕೆ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ರೈತರಿಗೂ ಸೇರಿಯೇ. ಹಾರೆ, ಪಿಕ್ಕಾಸು ಹಿಡಿದ ದಿನ ಎರಡನೆಯದು ಆಗಿಬಿಡುತ್ತದೆ. ಪಂಪಿನ ಬಳಿ ಕುರ್ಚಿ ಹಾಕಿ ಕುಳಿತ ದಿನ ಆಗುವುದಿಲ್ಲ.

ಪ್ರವಾಸದ ವಿಷಯದಲ್ಲಿ ರೈತರ ಕಷ್ಟ ಟೀಚರದ್ದಕ್ಕಿಂತ ದೊಡ್ಡದು. ಹಸು ಕಟ್ಟಿದವರಿಗೆ ರಜೆಯಿಲ್ಲ, ಏಪ್ರಿಲ್‌ನಲ್ಲಿ ತೋಟ ಬಿಟ್ಟು ಹೊರಡುವ ಹಾಗಿಲ್ಲ. ಮಗಳ ಮನೆಗೆ ಹೋಗಿ ಒಂದು ರಾತ್ರಿ ನಿಲ್ಲದೆ ಓಡಿ ಬಂದ ತಾಯಂದಿರು ಎಷ್ಟು ಮಂದಿ ನಮ್ಮಲ್ಲಿ! 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಮುಂಬಯಿ, ಗೋವೆ ಹತ್ತಿರವಾದವು. ಆದರೆ ಕೊಟ್ಟಿಗೆಯ ಹಗ್ಗ ಹಾಗೆಯೇ ಉಳಿಯಿತು. ಟೀಚರ್ ಮುಂಬಯಿಗೆ ಹೋದದ್ದು ಪಕ್ಕದ ಮನೆಯ ಬ್ಯಾರಿ ಕುಟುಂಬದವರು ಹನ್ನೆರಡು ದಿನ ಹಸುವಿಗೆ ಹುಲ್ಲು ಹಾಕಿ, ಪಂಪು ಬಿಟ್ಟು, ತಾಯಿಗೆ ಊಟ ತಂದುಕೊಟ್ಟದ್ದರಿಂದ. ಅವರ ಮನೆಯವರು ಸಂಬಂಧಿಕರ ಮದುವೆಗೆ ಹೋದಾಗ ಟೀಚರ್ ಅವರ ಆಡುಗಳನ್ನು ನೋಡಿಕೊಂಡರು. ಹಿಂದೆ ನಾಟಿಗೆ, ಕೊಯ್ಲಿಗೆ ಆಳು ಬದಲು ಕೊಡುತ್ತಿದ್ದ ಹಾಗೆ ಇದು. ಇಂಥ ಬದಲಾವಣೆ ಪ್ರತಿ ವಾಳೆಯಲ್ಲಿ ನಾಲ್ಕೈದು ಮನೆಗಳ ನಡುವೆ ಆದರೆ ವರ್ಷಕ್ಕೆ ಒಂದು ವಾರವಾದರೂ ಪ್ರತಿ ಮನೆಯವರು ಹೊರಗೆ ಹೋಗಿ ಬರಬಹುದು. ಗುರಿಕಾರರು ಸಭೆಯಲ್ಲಿ ಈ ವಿಷಯ ಎತ್ತಬೇಕೆಂದು ನನ್ನ ವಿನಂತಿ. ಹಾಗೆ ನೋಡಿಕೊಳ್ಳುವವರಿಗೆ ಹಸುವಿನ ಗುಣ, ಹಿಂಡಿಯ ಅಳತೆ, ಪಂಪಿನ ಫ್ಯೂಸು ಎಲ್ಲಿದೆ ಎಂಬುದನ್ನು ಬರೆದು ಕೊಟ್ಟು ಹೋಗಿ.

ನಡೆಯಲು ಜಾಗದ ಪ್ರಶ್ನೆಯೂ ಇದೆ. ಹೆದ್ದಾರಿಯ ಬದಿಯಲ್ಲಿ ಲಾರಿಗಳು, ಒಳದಾರಿಯಲ್ಲಿ ನಾಯಿಗಳು. ಒಂಟಿ ಹೆಂಗಸು ಕತ್ತಲೆಗೆ ಹೊರಟರೆ "ಟೀಚರ್, ಇಷ್ಟು ಬೇಗ ಎಲ್ಲಿಗೆ?" ಎಂದು ಮೂರು ಮನೆಯವರು ಕೇಳುತ್ತಾರೆ. ಕೇಳುವುದರಲ್ಲಿ ಕೆಟ್ಟದ್ದಿಲ್ಲದಿರಬಹುದು, ಆದರೆ ಮಳೆಗಾಲದ ಒಂದು ಬೆಳಿಗ್ಗೆ ಮನೆಯಲ್ಲೇ ಉಳಿಯಲು ಅಷ್ಟು ಸಾಕು. ಚರ್ಚಿನ ಮೈದಾನದ ಸುತ್ತ ಒಂದು ಸುತ್ತು ಹಾಕಿದರೆ ಸುಮಾರು ಮುನ್ನೂರು ಹೆಜ್ಜೆ ಎಂದು ನಾನೇ ನಡೆದು ಎಣಿಸಿದ್ದೇನೆ. ನನಗೂ ರಕ್ತದೊತ್ತಡದ ಮಾತ್ರೆ ಇದೆಯೆಂದು ಇಲ್ಲಿ ಹೇಳಿಬಿಡುವುದು ಲೇಸು. ಮಳೆ ಜೋರಿದ್ದರೆ ಸಭಾಭವನದ ಒಳಗೆ ನಡೆಯಬಹುದು.

ಪಾಲನಾ ಮಂಡಳಿಯಲ್ಲಿ ಮಾತಾಡಿ ಕೆಲವು ಬದಲಾವಣೆ ಮಾಡಿದ್ದೇವೆ. ಮೈದಾನದ ಗೇಟು ಬೆಳಿಗ್ಗೆ ಐದೂವರೆಗೆ ತೆರೆಯುತ್ತದೆ, ದೀಪ ಉರಿಯುತ್ತದೆ, ಯಾವ ಧರ್ಮದವರೂ ಬರಬಹುದು. ಹಾರ್ಮೋನಿಯಂ ಇಡಲು ಒಂದು ಮೇಜು, ಬೆನ್ನಿಗೆ ಆಸರೆಯಿರುವ ಒಂದು ಕುರ್ಚಿ ಮಾಡಿಸಲು ಆಚಾರಿಗೆ ಹೇಳಿದೆ. ಮದುವೆಯ ಹಾಡಿಗೆ ಎರಡು ವಾರ ಮೊದಲೇ ತಿಳಿಸಬೇಕು. ತಿಂಗಳಿಗೆ ಎರಡಕ್ಕಿಂತ ಹೆಚ್ಚು ಮದುವೆಗೆ ಟೀಚರನ್ನು ಕರೆಯುವಂತಿಲ್ಲ, ಉಳಿದದ್ದಕ್ಕೆ ಅವರೇ ತಯಾರು ಮಾಡಿದ ಇಬ್ಬರು ಹುಡುಗಿಯರು ನುಡಿಸುತ್ತಾರೆ. ಕ್ರಿಸ್ಮಸ್ ತನಕ ಕಾಯುವ ಮಾತನ್ನು ಟೀಚರ್ ಬಿಟ್ಟಿದ್ದಾರೆ. ಈಗ ರಾತ್ರಿಯೂಟದ ಬಳಿಕ ಅಂಗಳದಲ್ಲಿ ಹತ್ತು ನಿಮಿಷ, ಮಳೆಯಾದರೆ ಜಗಲಿಯಲ್ಲಿ. ವಾರಕ್ಕೆ ಮೂರು ಬೆಳಿಗ್ಗೆ ಮೈದಾನದಲ್ಲಿ. ಹೆಜ್ಜೆಯ ಗುರಿಯನ್ನು 10,000ದಿಂದ 5,000ಕ್ಕೆ ಇಳಿಸಿಕೊಂಡಿದ್ದಾರೆ. ಮುಂದಿನ ರಕ್ತಪರೀಕ್ಷೆ ಸೆಪ್ಟೆಂಬರಿನಲ್ಲಿ, ಮೊಂತಿ ಹಬ್ಬ ಕಳೆದ ವಾರ.

ಗಾಯನ ಮಂಡಳಿಯವರ ಗಮನಕ್ಕೆ: ಮಂಗಳವಾರ, ಶುಕ್ರವಾರದ ಸಂಜೆಯ ಅಭ್ಯಾಸ ಇನ್ನಿಲ್ಲ. ಜುಲೈ ಮೊದಲ ವಾರದಿಂದ ಭಾನುವಾರ ಎರಡನೇ ಪೂಜೆಯ ಬಳಿಕ ಒಂದು ಗಂಟೆ ಮಾತ್ರ. ತಡವಾಗಿ ಬಂದವರಿಗಾಗಿ ಕಾಯುವುದಿಲ್ಲ. ಗಂಡಸರ ಸ್ವರಕ್ಕೆ ಇನ್ನೂ ಮೂವರು ಬೇಕಾಗಿದ್ದಾರೆ.